ಒಂದು ರಾತ್ರಿಯ ರೂಮು: ಬಳ್ಳಾರಿ, ಕೊಪ್ಪಳ, ರಾಯಚೂರು

ಕೊಪ್ಪಳದ ಕಡೆಯ ಹುಲಿಗಿಯಲ್ಲಿ ಹುಲಿಗೆಮ್ಮನ ಹರಕೆ ತೀರಿಸಬೇಕು, ಹಾಗೇ ಮಂತ್ರಾಲಯದಲ್ಲಿ ರಾಯರ ದರ್ಶನವೂ ಆಗಬೇಕು ಅಂತ ಅಮ್ಮ ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಅವಳಿಗೀಗ 68. ಮೊಣಕಾಲು ನೋವು. ಚಿತ್ರದುರ್ಗದಿಂದ ಮಂತ್ರಾಲಯದವರೆಗೆ ಒಂದೇ ಸಮ ಕೂತು ಹೋಗುವುದು ಅವಳಿಂದ ಆಗದ ಮಾತು. ಅದಕ್ಕೇ ದಾರಿಯನ್ನು ತುಂಡು ತುಂಡು ಮಾಡಿಕೊಂಡೆವು. ಬಳ್ಳಾರಿಯಲ್ಲಿ ಒಂದು ರಾತ್ರಿ, ಕೊಪ್ಪಳದಲ್ಲಿ ಒಂದು, ರಾಯಚೂರಿನಲ್ಲಿ ಒಂದು.

ದಿನದ ಲೆಕ್ಕ ಹಾಕಿದ್ದು ಅಮ್ಮನೇ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂದರೆ ಹುಲಿಗಿಯಲ್ಲಿ ಜನವೋ ಜನ. ಗುರುವಾರ ಮಂತ್ರಾಲಯದಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹಾಗಾಗಿ ಭಾನುವಾರ ಹೊರಟು ಬುಧವಾರ ಮುಗಿಸೋಣ ಅಂದಳು. ಇಬ್ಬರಿಗೂ ಹೊಳೆಯದೇ ಹೋದದ್ದು ಒಂದೇ. ಅದು ಕಾರ್ತಿಕ ಮಾಸ, ಮದುವೆ ಸೀಸನ್.

ಮೊದಲ ದಿನ, ಭಾನುವಾರ

ಊಟ ಮುಗಿಸಿ ಬಸ್ ಹತ್ತಿದೆವು. ಚಳ್ಳಕೆರೆಯಲ್ಲಿ ಬಿಸಿಲು ಇನ್ನೂ ಚುರುಕಾಗೇ ಇತ್ತು. ರಾಂಪುರ ದಾಟಿದ ಮೇಲೆ ಗಾಳಿ ತಣ್ಣಗಾಯಿತು. ಕೆಂಪು ನೆಲ ಹಿಂದೆ ಸರಿದು ಕಪ್ಪು ನೆಲ ಕಾಣತೊಡಗಿತು. ಹೊಲದಲ್ಲಿ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು. ಬಳ್ಳಾರಿ ಸೇರುವಾಗ ರಾತ್ರಿ ಏಳೂವರೆ.

ರೂಮನ್ನು ನಾನು ಫೋನಿನಲ್ಲೇ ಬುಕ್ ಮಾಡಿದ್ದೆ. 750 ರೂಪಾಯಿ, ದುಡ್ಡು ಮೊದಲೇ ಕಟ್ಟಿಯಾಗಿತ್ತು. ಫೋಟೋದಲ್ಲಿ ಬಿಳಿ ಹಾಸಿಗೆ, ಚೊಕ್ಕ ಗೋಡೆ. ಅಲ್ಲಿ ಹೋಗಿ ನೋಡಿದರೆ ರೂಮು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಕೆಳಗಿನ ರೂಮೆಲ್ಲ ಮದುವೆ ದಿಬ್ಬಣದವರಿಗೆ ಹೋಗಿವೆ ಅಂದರು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ನಾನೊಬ್ಬಳೇ ಮೇಲೆ ಹೋದೆ. ಕಿಟಕಿ ಇತ್ತು, ತೆಗೆದರೆ ಒಂದು ಮೊಳ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂರುವ ಕಕ್ಕಸು ಮಾತ್ರ. ಅಮ್ಮನ ಮೊಣಕಾಲಿಗೆ ಅದು ಸಾಧ್ಯವೇ ಇಲ್ಲ. ದುಡ್ಡು ವಾಪಸ್ ಕೇಳಿದೆ. ನೀವು ಆರಿಸಿಕೊಂಡಿದ್ದೇ ವಾಪಸ್ ಇಲ್ಲದ ರೇಟು ಅಂದರು. ವಾದ ಮಾಡುತ್ತ ನಿಂತರೆ ಅಮ್ಮ ಇನ್ನೂ ಒಂದು ಗಂಟೆ ಅದೇ ಕುರ್ಚಿಯಲ್ಲಿ ಕೂರಬೇಕಿತ್ತು. 750 ಬಿಟ್ಟು ಹೊರಗೆ ಬಂದೆವು.

ಸಿಕ್ಕ ಆಟೋದವರು ಐವತ್ತರ ಹತ್ತಿರದವರು. ಅಮ್ಮ ಹತ್ತುವಾಗ ಅವರೇ ಇಳಿದು ಕೈ ಹಿಡಿದರು. ರಾಯಲ್ ಸರ್ಕಲ್ ಕಡೆ ಎರಡು ಮೂರು ಒಳ್ಳೆ ಲಾಡ್ಜ್ ಅದಾವ ಅಂತ ಕರೆದುಕೊಂಡು ಹೋದರು. ಊರಿನವರು ಇವತ್ತಿಗೂ ರಾಯಲ್ ಸರ್ಕಲ್ ಅಂತಲೇ ಅನ್ನೋದು. ಗಡಿಯಾರದ ಗೋಪುರ ಇರುವ ಗಡಗಿ ಚನ್ನಪ್ಪ ಸರ್ಕಲ್ ಅದು. ಒಂದು ಲಾಡ್ಜಿಗೆ ಸ್ವಲ್ಪ ಮುಂಚೆಯೇ ಆಟೋ ನಿಲ್ಲಿಸಿ ಹೇಳಿದರು.

"ಅಕ್ಕಾ, ನೀವಷ್ಟೇ ಒಳಗ ಹೋಗಿ ಕೇಳ್ರಿ. ನಾ ಜೋಡಿ ಬಂದ್ರ ನನ್ನ ಕಮಿಷನ್ನೂ ಸೇರಿಸಿ ರೇಟ್ ಹೇಳ್ತಾರ. ಅಮ್ಮಾರು ಇಲ್ಲೇ ಕುಂತಿರ್ಲಿ. ರೂಮ್ ಪಸಂದ್ ಆಗ್ಲಿಲ್ಲ ಅಂದ್ರ ಮುಂದಿನದಕ್ಕ ಹೋಗೋಣ."

ಆ ಮಾತಿಗೆ ನಾನು ಎಷ್ಟು ಕೈಮುಗಿದರೂ ಸಾಲದು. ಆವತ್ತಿನಿಂದ ಮೂರೂ ಊರಲ್ಲಿ ನಾನು ಅದನ್ನೇ ಮಾಡಿದೆ. ಬ್ಯಾಗು ಇಲ್ಲದೆ ಒಬ್ಬಳೇ ಒಳಗೆ ಹೋಗೋದು, ರೇಟು ಕೇಳೋದು, ರೂಮು ನೋಡೋದು, ಆಮೇಲೆ ಮಾತು. ಬ್ಯಾಗು ಇಳಿಸಿ ಸುಸ್ತಾಗಿ ನಿಂತವರಿಗೆ ಹೇಳುವ ರೇಟೇ ಬೇರೆ ಇರುತ್ತೆ.

ಎರಡನೇ ಲಾಡ್ಜಿನಲ್ಲಿ ಒಂದನೇ ಮಹಡಿಯಲ್ಲಿ ರೂಮು ಸಿಕ್ಕಿತು, ಲಿಫ್ಟ್ ಇತ್ತು. ನಾನ್ ಎಸಿ ಡಬಲ್, 1,200. ಟ್ಯಾಕ್ಸ್ ಸೇರಿನಾ ಅಂತ ಕೇಳಿದೆ. ಇಲ್ಲ, 60 ಬೇರೆ ಅಂದರು. ಸರಿಯಾಗೇ ಇತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಇದನ್ನು ತಿಳಿದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಬಿಲ್ಲಿನಲ್ಲಿ ಯಾವುದು ಬಾಡಿಗೆ, ಯಾವುದು ತೆರಿಗೆ ಅಂತ ನೋಡೋಕೆ ಬಂತು. ಕಾರ್ತಿಕದ ಚಳಿಗೆ ಎಸಿ ಬೇಕಾಗೇ ಇರಲಿಲ್ಲ. ಎಸಿ ರೂಮು 600 ರೂಪಾಯಿ ಜಾಸ್ತಿ.

ಬಂದ ಕೂಡಲೇ ಅಮ್ಮ ಮಂಚದ ತುದಿಯಲ್ಲಿ ಕೂತು, ಎದ್ದು, ಮತ್ತೆ ಕೂತಳು. ಏನು ಮಾಡ್ತಿದಾಳೆ ಅಂತ ನನಗೆ ಗೊತ್ತಾಗಲಿಲ್ಲ. "ಮಂಚ ತಗ್ಗಿದ್ರೆ ರಾತ್ರಿ ಏಳೋಕೆ ಆಗಲ್ಲ ಕಣೆ. ಇದು ಎತ್ತರ ಇದೆ, ಸರಿ ಇದೆ" ಅಂದಳು. ಹಾಸಿಗೆಯ ಎತ್ತರವನ್ನು ಯಾವ ಫೋಟೋ ತೋರಿಸುತ್ತೆ ಹೇಳಿ. ಕೂತು ನೋಡಿದವರಿಗೇ ಗೊತ್ತಾಗೋದು.

ಆಧಾರ್ ಝೆರಾಕ್ಸ್ ಕೇಳಿದರು. ಮನೆಯಿಂದಲೇ ಮಾಸ್ಕ್ ಆಧಾರ್ ತೆಗೆಸಿಕೊಂಡು ಬಂದಿದ್ದೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವಂಥದ್ದು. ಅದರ ಮೇಲೆ ಅಡ್ಡಡ್ಡ ತಾರೀಕು ಬರೆದು, ರೂಮಿಗಾಗಿ ಮಾತ್ರ ಅಂತ ಬರೆದು ಕೊಟ್ಟೆ. ಮ್ಯಾನೇಜರ್ ಒಂದು ಮಾತೂ ಆಡದೆ ತೆಗೆದುಕೊಂಡರು. ದೊಡ್ಡ ರಿಜಿಸ್ಟರಿನಲ್ಲಿ ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಯಾಕೆ ಬಂದಿರಿ ಅಂತ ಕಾಲಂ ಇದ್ದವು. ಕೊನೆಯದರಲ್ಲಿ ಅಮ್ಮ ತನ್ನ ಕೈಯಲ್ಲೇ 'ದೇವರ ದರ್ಶನ' ಅಂತ ಬರೆದಳು.

ಹತ್ತಿರದ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮಲಗುವ ಮುಂಚೆ ಲೆಕ್ಕ ಹಾಕಿದೆ. ಬಿಟ್ಟುಬಂದ 750, ಕೊಟ್ಟ 1,260. ಒಂದು ರಾತ್ರಿಗೆ 2,010 ಆಯಿತು. ಅಗ್ಗದ ರೂಮು ಹುಡುಕಿದ್ದರಿಂದಲೇ ದುಬಾರಿಯಾಯಿತು ಅಂತ ಹೊಟ್ಟೆ ಉರಿಯಿತು. ಅಮ್ಮ ಆಗಲೇ ನಿದ್ದೆ ಹೋಗಿದ್ದಳು.

ಎರಡನೇ ದಿನ, ಸೋಮವಾರ

ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿಗೇ ಬಳ್ಳಾರಿ ಗುಡ್ಡ. ರಾತ್ರಿ ಕತ್ತಲಲ್ಲಿ ಕಂಡಿರಲೇ ಇಲ್ಲ. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟ ಹಾಗೆ, ತುದಿಯಲ್ಲಿ ಕೋಟೆಯ ಗೋಡೆ. ಬಿಸಿಲು ಮೊದಲು ಅಲ್ಲಿ ಬಿದ್ದು, ನಿಧಾನವಾಗಿ ಕೆಳಗೆ ಮನೆಗಳ ತಾರಸಿಗೆ ಇಳಿಯಿತು. ಅಮ್ಮ ಕುರ್ಚಿ ಎಳೆದುಕೊಂಡು ಅಲ್ಲೇ ಕೂತಳು. ಗುಡ್ಡ ಹತ್ತಲಾರದವಳಿಗೆ ಕೋಟೆ ರೂಮಿನ ಕಿಟಕಿಗೇ ಬಂದಿತ್ತು.

ಬಿಸಿನೀರು ಆರರಿಂದ ಒಂಬತ್ತರವರೆಗೆ ಅಂತ ರಾತ್ರಿಯೇ ಹೇಳಿದ್ದರು. ಆರೂಕಾಲಿಗೆ ನಲ್ಲಿ ತಿರುಗಿಸಿ ಕೈ ಹಿಡಿದು ನಿಂತೆ. ಎರಡು ಬಕೆಟ್ ತಣ್ಣೀರು ಹೋದ ಮೇಲೆ ಬೆಚ್ಚಗಾಯಿತು, ಆಮೇಲೆ ಕೈ ಇಡೋಕಾಗದಷ್ಟು ಬಿಸಿ. ಸೋಲಾರ್ ಇರುವ ಕಡೆ ಹೀಗೇ, ಸ್ವಲ್ಪ ಕಾಯಬೇಕು.

ತಿಂಡಿಗೆ ವಗ್ಗಾಣಿ ಮಿರ್ಚಿ. ಬಳ್ಳಾರಿಗೆ ಬಂದು ಇದನ್ನು ತಿನ್ನದೆ ಹೋಗೋದುಂಟಾ? ತಳ್ಳುಗಾಡಿಯ ಅವ್ವ ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಎರಡೂ ಕೈಯಲ್ಲಿ ಹಿಂಡಿ, ಈರುಳ್ಳಿ ಟೊಮೆಟೊ ಅರಿಶಿನದ ಒಗ್ಗರಣೆಗೆ ಹಾಕಿ ಕಲಸುತ್ತಿದ್ದರು. ಮೇಲೆ ಪುಟಾಣಿ ಪುಡಿ ಉದುರಿಸಿ ಪಕ್ಕದಲ್ಲಿ ಎರಡು ಮಿರ್ಚಿ ಇಟ್ಟರು. ಮಂಡಕ್ಕಿ ಮೆತ್ತಗಿರಬೇಕು, ಆದರೆ ಮುದ್ದೆಯಾಗಬಾರದು. ಆ ಹದ ಹಿಂಡುವ ಕೈಯಲ್ಲಿದೆ. ಲಾಡ್ಜಿನವರು 'ತಿಂಡಿ ಸೇರಿ' ಅಂತ 200 ಜಾಸ್ತಿ ಹೇಳಿದ್ದನ್ನು ನಾನು ಬೇಡ ಅಂದಿದ್ದೆ. ಇಲ್ಲಿ ಇಬ್ಬರದೂ ಸೇರಿ ಅದರ ಅರ್ಧವೂ ಆಗಲಿಲ್ಲ.

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಹಿರಿಯರೊಬ್ಬರು ಗುಡ್ಡದ ಕಥೆ ಹೇಳಿದರು. ಮೇಲಿನ ಕೋಟೆ ಹಂಡೆ ಹನುಮಪ್ಪ ನಾಯಕನದು. ಕೆಳಗಿನದು ಹೈದರಾಲಿ ಕಟ್ಟಿಸಿದ್ದು, ಫ್ರೆಂಚ್ ಇಂಜಿನಿಯರ್ ಕೈಲಿ. ಕಟ್ಟಿ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಇದಕ್ಕಿಂತ ಎತ್ತರ. ಅಲ್ಲಿಂದ ಗುಂಡು ಹೊಡೆದರೆ ಕೋಟೆಯ ಗತಿ ಏನು ಅಂತ ಹೈದರಾಲಿ ಆ ಇಂಜಿನಿಯರನನ್ನೇ ಗಲ್ಲಿಗೆ ಹಾಕಿಸಿದ ಅಂತ ಊರಿನ ಮಾತು. "ಜಾಗ ನೋಡದs ಕಟ್ಟಬಾರ್ದು ನೋಡವ್ವ" ಅಂದರು. ಜಾಗ ನೋಡದೆ ಕಟ್ಟಿದ 750 ನನ್ನ ಮನಸ್ಸಿಂದ ಇನ್ನೂ ಹೋಗಿರಲಿಲ್ಲ.

ಅಲ್ಲಿಂದ ರೈಲು. ತೋರಣಗಲ್ಲಿನಲ್ಲಿ ಜಿಂದಾಲ್ ಚಿಮಣಿಗಳು, ಹೊಸಪೇಟೆಯಲ್ಲಿ ಬಾಳೆಹಣ್ಣು, ಆಮೇಲೆ ತುಂಗಭದ್ರೆಯ ಸೇತುವೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಟಿವಿಯಲ್ಲಿ ನೋಡಿದ್ದ ಅದೇ ಡ್ಯಾಮು ಅಂತ ಅಮ್ಮನಿಗೆ ಹೇಳಿದೆ. ಅವಳು ಹೊಳೆಗೆ ಒಂದು ರೂಪಾಯಿ ಎಸೆದು ಕೈಮುಗಿದಳು. ಮುನಿರಾಬಾದಿನಲ್ಲಿ ಇಳಿದು ಹುಲಿಗಿಗೆ ಹೋದೆವು. ಸೋಮವಾರವಾದ್ದರಿಂದ ಸಾಲು ಚಿಕ್ಕದಿತ್ತು. ಉಡಿ ತುಂಬಿ, ಸೀರೆ ಕೊಟ್ಟು ಹೊರಗೆ ಬಂದಾಗ ಅಮ್ಮನ ಮುಖ ನೋಡಬೇಕಿತ್ತು. ಎರಡು ವರ್ಷದ ಭಾರ ಇಳಿದಿತ್ತು.

ಉಳಿಯೋಕೆ ಹೊಸಪೇಟೆಯೂ ಹತ್ತಿರವೇ. ಆದರೆ ಅಲ್ಲಿ ಹಂಪಿಗೆ ಬರುವವರ ಗದ್ದಲ, ಅದಕ್ಕೆ ತಕ್ಕ ರೇಟು. ಮರುದಿನದ ದಾರಿಗೂ ಕೊಪ್ಪಳವೇ ನಮಗೆ ಸಲೀಸು ಅನಿಸಿತು.

ಕೊಪ್ಪಳದಲ್ಲಿ ಮೊದಲು ನೋಡಿದ್ದು ಹೆದ್ದಾರಿ ಪಕ್ಕದ ಹೊಸ ಹೋಟೆಲು. ರೂಮು ಚೆನ್ನಾಗಿತ್ತು. ಐದು ನಿಮಿಷ ಸುಮ್ನೆ ನಿಂತು ಕಿವಿಗೊಟ್ಟೆ. ಹೊಸಪೇಟೆ, ಹುಬ್ಬಳ್ಳಿ ಕಡೆ ಹೋಗುವ ಲಾರಿಗಳ ಸದ್ದಿಗೆ ಗಾಜು ಗಡಗಡ ಅಂತಿತ್ತು. ಬೇಡ ಅಂತ ಊರೊಳಗೆ ಬಂದೆವು. ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೇ ಲಾಡ್ಜು. ನೆಲಮಹಡಿ, ಹಿಂಭಾಗದ ರೂಮು, ಕಿಟಕಿ ಹೊರಗೆ ಬೇವಿನ ಮರ. 900 ರೂಪಾಯಿ. ಗೋಡೆಯ ಬಣ್ಣ ಹಳೆಯದು, ಆದರೆ ಹಾಸು ಆಗ ತಾನೇ ಒಗೆದು ಬಿಸಿಲಿಗೆ ಹಾಕಿದ ವಾಸನೆ. ಕಿಟಕಿಗೆ ಸೊಳ್ಳೆ ಜಾಲರಿ ಇತ್ತು, ಎಲ್ಲೂ ಹರಿದಿರಲಿಲ್ಲ. ಬಣ್ಣ ನೋಡಿ ಮೋಸ ಹೋಗಬಾರದು ಅಂತ ಬಳ್ಳಾರಿಯ ಫೋಟೋ ನನಗೆ ಕಲಿಸಿತ್ತು. ಹಾಸು, ಜಾಲರಿ, ನಲ್ಲಿ, ಚಿಲಕ ಇಷ್ಟು ಸರಿ ಇದ್ದರೆ ಒಂದು ರಾತ್ರಿಗೆ ಬೇರೇನು ಬೇಕು?

ಸಂಜೆ ಗವಿಮಠ. ಗವಿಸಿದ್ಧೇಶ್ವರನ ದರ್ಶನ ಮಾಡಿ, ಅಮ್ಮನನ್ನು ಕಟ್ಟೆ ಮೇಲೆ ಕೂರಿಸಿ, ನಾನು ಬಂಡೆ ಹತ್ತಿ ಅಶೋಕನ ಶಾಸನ ನೋಡಿ ಬಂದೆ. ಗವಿಮಠ, ಹತ್ತಿರದ ಪಾಲ್ಕಿಗುಂಡು ಬೆಟ್ಟ ಎರಡೂ ಕಡೆಯ ಶಾಸನ ಬೆಳಕಿಗೆ ಬಂದದ್ದು 1931ರಲ್ಲಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಬ್ರಾಹ್ಮಿಯಲ್ಲಿ ಕೊರೆದ ಸಾಲು. ಓದೋಕೆ ಬರಲ್ಲ, ಆದರೂ ಹೊತ್ತು ಮುಳುಗುವವರೆಗೆ ಅಲ್ಲೇ ನಿಂತಿದ್ದೆ. ಓರೆ ಬಿಸಿಲಿಗೆ ಅಕ್ಷರದ ಗೀರುಗಳಲ್ಲಿ ನೆರಳು ತುಂಬಿತ್ತು.

ಲಾಡ್ಜಿಗೆ ವಾಪಸ್ ಬಂದಾಗ ಮ್ಯಾನೇಜರ್ ಅಮ್ಮನನ್ನು ಕೂರಿಸಿಕೊಂಡು ಜಾತ್ರೆಯ ಸುದ್ದಿ ತೆಗೆದರು. ಜನವರಿಯ ಗವಿಮಠದ ಜಾತ್ರೆ, ದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ಬರುವ ಲಕ್ಷಗಟ್ಟಲೆ ರೊಟ್ಟಿ, ಮಾದಲಿ. "ಆವಾಗ ಬರ್ರಿ ಅಮ್ಮಾರ, ಆದ್ರ ನನ್ ಕಡೆ ರೂಮ್ ಕೇಳಬ್ಯಾಡ್ರಿ. ಊರಾಗ ಒಂದ್ ಕುರ್ಚಿನೂ ಖಾಲಿ ಇರಂಗಿಲ್ಲ. ಭಕ್ತರ ಮನ್ಯಾಗ ಉಳೀರಿ, ಯಾರೂ ಇಲ್ಲನ್ನಂಗಿಲ್ಲ."

ರಾತ್ರಿ ಒಂದು ಸಲ ಕರೆಂಟು ಹೋಯಿತು. ಫ್ಯಾನ್ ನಿಲ್ಲಲಿಲ್ಲ. ಇನ್ವರ್ಟರ್ ಇದೆಯಾ ಅಂತ ಕೇಳೋದನ್ನು ನಾನು ಮರೆತಿದ್ದೆ. ನಮ್ಮ ಪುಣ್ಯ, ಇತ್ತು.

ಮೂರನೇ ದಿನ, ಮಂಗಳವಾರ

ಕೊಪ್ಪಳದಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಮೇಲೆ ರಾಯಚೂರು. ಈ ದಾರಿಯನ್ನು ನಾನು ಮರೆಯಲ್ಲ. ಗಂಗಾವತಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಕೆಲವು ಗದ್ದೆ ಬಂಗಾರದ ಬಣ್ಣಕ್ಕೆ ತಿರುಗಿದ್ದವು, ಕೆಲವು ಆಗಲೇ ಕೊಯ್ದಾಗಿತ್ತು. ಕೊಯ್ಯುವ ಮೆಷಿನ್ನುಗಳು ರಸ್ತೆಗೇ ಬಂದು, ನಮ್ಮ ಬಸ್ಸು ಅವುಗಳ ಹಿಂದೆ ನಡೆದಂತೆ ಹೋಗುತ್ತಿತ್ತು. ಡಾಂಬರಿನ ಒಂದು ಪಕ್ಕಕ್ಕೆ ಭತ್ತ ಒಣಹಾಕಿದ್ದರು. ಊರುಗಳ ಹೆಸರಿನ ಕೊನೆಗೆಲ್ಲ 'ಕ್ಯಾಂಪ್' ಅಂತ ಬೋರ್ಡು.

ಕಾರಟಗಿಯಲ್ಲಿ ಹತ್ತಿದ ಹೆಂಗಸೊಬ್ಬರು ಅಮ್ಮನ ಪಕ್ಕ ಕೂತರು. ಅರ್ಧ ಗಂಟೆಯಲ್ಲಿ ಇಬ್ಬರೂ ಅಕ್ಕ ತಂಗಿಯರಾದರು. ಕ್ಯಾಂಪ್ ಅಂದರೆ ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆ ನಿಂತವರ ಊರು ಅಂತ ಅವರೇ ಬಿಡಿಸಿ ಹೇಳಿದ್ದು. ರಾಯಚೂರಲ್ಲಿ ಎಲ್ಲಿ ಉಳೀತೀರಿ ಅಂತ ಕೇಳಿದರು. ಇನ್ನೂ ನೋಡಬೇಕು ಅಂದೆ. "ಸ್ಟೇಷನ್ ಕಡೆ ಹೋಗಬ್ಯಾಡ್ರಿ, ನೀವು ಬಸ್ಸಿನ್ಯಾಗ ಮಂತ್ರಾಲಯಕ್ಕ ಹೋಗೋರು, ಬಸ್ ಸ್ಟ್ಯಾಂಡ್ ಕಡೇನs ನೋಡ್ರಿ. ಇಪ್ಪತ್ನಾಕ್ ತಾಸಿನ ಲಾಡ್ಜ್ ಕೇಳ್ರಿ" ಅಂದರು.

ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಆ ಇಪ್ಪತ್ನಾಲ್ಕು ತಾಸು. ಕೆಲವು ಹೋಟೆಲುಗಳಲ್ಲಿ ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕು. ನೀವು ಸಂಜೆ ನಾಲ್ಕಕ್ಕೆ ಬಂದಿರಿ, ರಾತ್ರಿ ಹನ್ನೊಂದಕ್ಕೆ ಬಂದಿರಿ, ಲೆಕ್ಕ ಒಂದೇ. ಇನ್ನು ಕೆಲವು ಲಾಡ್ಜುಗಳಲ್ಲಿ ನೀವು ಬಂದ ಗಂಟೆಯಿಂದ ಮರುದಿನ ಅದೇ ಗಂಟೆಯವರೆಗೆ ರೂಮು ನಿಮ್ಮದು. ನಾಲ್ಕಕ್ಕೆ ಬಂದವರಿಗೆ ನಾಲ್ಕು ಗಂಟೆ ಹೊತ್ತು ಪುಕ್ಕಟೆ ಸಿಕ್ಕ ಹಾಗೆ. ನಾವು ಬೆಳಿಗ್ಗೆ ಮಂತ್ರಾಲಯಕ್ಕೆ ಹೋಗಿ ಮಧ್ಯಾಹ್ನ ವಾಪಸ್ ಬರುವವರು. 12ರ ಲಾಡ್ಜಾದರೆ ಬ್ಯಾಗನ್ನೂ ಹೊತ್ತುಕೊಂಡು ಹೋಗಬೇಕು, ಇಲ್ಲವೇ ಎರಡನೇ ದಿನದ ಬಾಡಿಗೆ ಕೊಡಬೇಕು.

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮೂರೂ ಮುಕ್ಕಾಲು. ಬಿಸಿಲು ಅಂದರೆ ಬಿಸಿಲು. ಕಾರ್ತಿಕದಲ್ಲೇ ಹೀಗಾದರೆ ಮೇ ತಿಂಗಳಲ್ಲಿ ಎಸಿ ಇಲ್ಲದ ರೂಮು ತೆಗೆದುಕೊಳ್ಳೋದು ಸರಿಯಲ್ಲ ಅನಿಸಿತು. ಮೊದಲ ಎರಡು ಲಾಡ್ಜು ಭರ್ತಿ. ಹತ್ತಿ ಸುಗ್ಗಿ, ಮಾರುಕಟ್ಟೆಗೆ ಬಂದವರೆಲ್ಲ ಇಲ್ಲೇ ಇಳಿದಿದ್ದರು. ಮೂರನೆಯದರಲ್ಲಿ 1,100ಕ್ಕೆ ರೂಮು ಸಿಕ್ಕಿತು. ಇಪ್ಪತ್ನಾಲ್ಕು ತಾಸಾ ಅಂತ ಕೇಳಿದೆ, ಹೌದು ಅಂದರು. ರಿಜಿಸ್ಟರಿನಲ್ಲಿ ಬಂದ ಟೈಮು ನಾನೇ ನೋಡಿ ಬರೆಸಿದೆ, 4 ಗಂಟೆ 20 ನಿಮಿಷ. ಬಾಯಿಮಾತಿಗಿಂತ ಆ ಕಾಲಂ ಮುಖ್ಯ. ನೀರು ಸ್ವಲ್ಪ ಉಪ್ಪು, ಸೋಪು ನೊರೆ ಬರಲಿಲ್ಲ. ಕುಡಿಯೋಕೆ ಕ್ಯಾನ್ ನೀರು ಇಟ್ಟಿದ್ದರು.

ಸಂಜೆ ಕೋಟೆ ಗೋಡೆ ನೋಡೋಕೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರವೇ, ಅಮ್ಮ ನಿಧಾನವಾಗಿ ನಡೆದಳು. ಗೋಡೆಯಲ್ಲಿ ಒಂದೇ ಕಲ್ಲು, 41 ಅಡಿಗೂ ಉದ್ದ. 1294ರಲ್ಲಿ ಕಾಕತೀಯರ ದಂಡನಾಯಕ ವಿಠ್ಠಲನಾಥನ ಮಂತ್ರಿ ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಶಾಸನ ಅದರಲ್ಲಿದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಲ್ಲನ್ನು ಗಾಡಿ ಮೇಲೆ ಎಳೆದು ತಂದ ಚಿತ್ರ. ಕೋಣಗಳ ಸಾಲು, ಅವುಗಳನ್ನು ಹೊಡೆಯುವ ಜನ, ಮೇಲೆ ಉದ್ದಕ್ಕೆ ಮಲಗಿದ ಕಲ್ಲು. ತೆಳು ಗೀರಿನಲ್ಲಿ ಕೊರೆದಿದ್ದಾರೆ. ಹತ್ತಿರ ಹೋದರೇ ಕಾಣೋದು. ಅಮ್ಮ ಬೆರಳು ಮಾಡಿ ಕೋಣ ಎಣಿಸತೊಡಗಿದಳು. "ಇವರೆಲ್ಲ ರಾತ್ರಿ ಎಲ್ಲಿ ಉಳ್ಕೊಂಡಿರ್ತಾರೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋಡೆಯ ಈಚೆ ಬಸ್ಸುಗಳು ಊರೂರಿಗೆ ಕೂಗುತ್ತಿದ್ದವು.

ನಾಲ್ಕನೇ ದಿನ, ಬುಧವಾರ

ಆರು ಗಂಟೆಗೆ ಬಿಸಿನೀರು ಇಲ್ಲ. ಗೀಸರ್ ಕೆಟ್ಟಿದೆ ಅಂದರು. ನಾನು ಹಿಂದಿನ ರಾತ್ರಿ ನಲ್ಲಿ ತಿರುಗಿಸಿ ನೋಡಿದ್ದು ತಣ್ಣೀರಿನದು ಮಾತ್ರ. ಕೆಲಸದ ಹುಡುಗ ಐದು ನಿಮಿಷ ಟೈಮ್ ಕೊಡ್ರಿ ಅಂತ ಹೋದವನು, ಅಡುಗೆಮನೆಯಲ್ಲಿ ಕಾಯಿಸಿದ ಎರಡು ಬಕೆಟ್ ನೀರನ್ನು ಒಂದೊಂದಾಗಿ ಹೊತ್ತು ತಂದು ಬಚ್ಚಲ ಬಾಗಿಲಲ್ಲಿಟ್ಟ. ಅಮ್ಮ ಐವತ್ತು ರೂಪಾಯಿ ಕೊಟ್ಟರೆ ಬೇಡ ಅಂದ. "ರಾಯರ ದರ್ಶನಕ್ಕ ಹೊಂಟೀರಿ, ನಂಗೂ ಒಂದು ಮಂತ್ರಾಕ್ಷತಿ ತರ್ರಿ ಅಮ್ಮ" ಅಂದ.

ಮಂತ್ರಾಲಯದ ಬಸ್ ಸಿಗೋದು ತಡವಾಗಲಿಲ್ಲ. ತುಂಗಭದ್ರೆಯ ದಂಡೆ, ಬೃಂದಾವನ, ಮಠದ ಊಟ. ಬುಧವಾರವಾದರೂ ಜನ ಇದ್ದರು, ಆದರೆ ಅಮ್ಮ ಬೃಂದಾವನದ ಮುಂದೆ ತನಗೆ ಬೇಕಾದಷ್ಟು ಹೊತ್ತು ನಿಂತಳು. ಯಾರೂ ಮುಂದೆ ನಡೀರಿ ಅನ್ನಲಿಲ್ಲ. ನಾಳೆ ಬಂದಿದ್ದರೆ ಇದು ಸಿಗುತ್ತಿರಲಿಲ್ಲ.

ರಾಯಚೂರಿಗೆ ವಾಪಸ್ ಬಂದಾಗ ಎರಡೂವರೆ. ನಮ್ಮ ರೂಮು ಇನ್ನೂ ನಮ್ಮದೇ. ಅಮ್ಮ ಕಾಲಿಗೆ ಎಣ್ಣೆ ಹಚ್ಚಿಕೊಂಡು ಫ್ಯಾನಿನ ಕೆಳಗೆ ಒಂದು ಗಂಟೆ ಗಾಢವಾಗಿ ಮಲಗಿದಳು. ಬಳ್ಳಾರಿ ಬಸ್ಸು ಐದಕ್ಕೆ. ಆ ಒಂದು ಗಂಟೆ ನಿದ್ದೆ ಇರದಿದ್ದರೆ ರಾತ್ರಿಯ ದಾರಿಯನ್ನು ಅವಳು ಹೇಗೆ ಕಳೆಯುತ್ತಿದ್ದಳೋ.

4 ಗಂಟೆ 10 ನಿಮಿಷಕ್ಕೆ ಕೀ ವಾಪಸ್ ಕೊಟ್ಟೆವು. ಮ್ಯಾನೇಜರ್ ಗಡಿಯಾರ ನೋಡಿ, ರಿಜಿಸ್ಟರ್ ನೋಡಿ, ಸರಿ ಅಂತ ತಲೆಯಾಡಿಸಿದರು. ಹುಡುಗ ಮೆಟ್ಟಿಲು ಒರೆಸುತ್ತಿದ್ದ. ಅಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ, ಮಂತ್ರಾಕ್ಷತೆ ತೆಗೆದು ಅವನ ತಲೆ ಮೇಲೆ ಹಾಕಿದಳು.